ನಂದುವಿಗಾಗಿ ಕೂತ ಬೇಸಿಗೆ

ಆಗೆಲ್ಲ ಬಾಳೂರಿನ ಕಡೆ ಬೇಸಿಗೆ ಬಂದದ್ದು ಗೊತ್ತಾಗುತ್ತಿದ್ದದ್ದು ಬಿಸಿಲಿನಿಂದಲ್ಲ, ಸದ್ದು ನಿಂತದ್ದರಿಂದ. ಕಾಫಿ ಕೊಯ್ಲು ಮುಗಿದು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ನಿಂತು, ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಕೊನೆಯ ಮೂಟೆ ಲಾರಿ ಹತ್ತಿದ ಮೇಲೆ ಎಸ್ಟೇಟಿನ ಕಣ ನಮ್ಮ ಪಾಲಿಗೆ ಬರುತ್ತಿತ್ತು. ಸಿಮೆಂಟಿನ ಮೇಲೆ ಇದ್ದಿಲಿನಿಂದ ಮನೆ ಗೀಚಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಒಂದು ಮಳೆ ಬಿದ್ದು ವಾರ ಕಳೆದರೆ ಗುಡ್ಡವೆಲ್ಲ ಕಾಫಿ ಹೂವು. ಆ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೊದಲ ದಿನ ಹಿತವಾಗಿರುತ್ತದೆ. ಮೂರನೆಯ ದಿನಕ್ಕೆ ತಲೆನೋವು ಬರುತ್ತದೆ.

ನನಗೆ ಹನ್ನೊಂದು ವರ್ಷ. ಅಪ್ಪ ಎಸ್ಟೇಟಿನ ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ಆ ವರ್ಷ ಯಜಮಾನರ ಮಗಳು ವೀಣಕ್ಕ ಮನೆಗೆ ಬಂದವರು ಖಾಲಿ ಬಿದ್ದಿದ್ದ ಪಾರ್ಚ್‌ಮೆಂಟ್ ಗೋದಾಮಿನಲ್ಲಿ ಚಿತ್ರ ಬರೆಯಲು ಶುರು ಮಾಡಿದ್ದರು. ನಲವತ್ತರ ಹತ್ತಿರದ ಹೆಂಗಸು, ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಒಂದು ದಿನ ನಾವು ಕಣದಲ್ಲಿ ಆಡುತ್ತಿದ್ದಾಗ ಗೋದಾಮಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಹತ್ತಿರ, ನಿಮ್ಮ ಸವಿತಾನ ದಿನಾ ಸ್ವಲ್ಪ ಹೊತ್ತು ಕಳಿಸಿಕೊಡಿ, ಎದುರಿಗೆ ಕೂರಿಸಿಕೊಂಡು ಬರೆಯಬೇಕು ಎಂದು ಕೇಳಿದರಂತೆ. ಯಜಮಾನರ ಮನೆಯವರು ಕೇಳಿದ್ದಕ್ಕೆ ಅಪ್ಪ ಇಲ್ಲ ಎನ್ನುವುದುಂಟೇ.

ಗೋದಾಮಿನೊಳಗೆ ಒಣ ಕಾಫಿಯ ವಾಸನೆ, ಗೋಣಿಯ ವಾಸನೆ, ಇವೆರಡರ ಮೇಲೆ ಬಣ್ಣದ ಒಂದು ಹುಳಿ ವಾಸನೆ. ಎತ್ತರದ ಒಂದೇ ಕಿಟಕಿ. ಅದರ ಬೆಳಕು ಬೀಳುವ ಕಡೆ ಮರದ ಸ್ಟೂಲು. ನಾನು ಕೂತ ತಕ್ಷಣ ವೀಣಕ್ಕ ಬಗ್ಗಿ ನನ್ನ ಎರಡೂ ಪಾದಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಎದ್ದುಹೋಗಿ ಬಂದರೂ, ನಾಳೆ ಬಂದರೂ ಕಾಲು ಅದೇ ಗೆರೆಯೊಳಗೆ ಇರಬೇಕು, ಆಗಲೇ ಮೈ ಅದೇ ಭಂಗಿಗೆ ಬರುತ್ತದೆ ಎಂದರು.

ಮೊದಲ ಎರಡು ವಾರ ಬರೀ ಇದ್ದಿಲಿನ ಚಿತ್ರಗಳು. ಹತ್ತು ನಿಮಿಷಕ್ಕೊಂದು. ಬರೆದದ್ದನ್ನೆಲ್ಲ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದರು. ಅವು ನಾನೇ. ನನ್ನ ಮುಂದಲೆಯ ಸುಳಿ, ಬಲಗೆನ್ನೆಯ ಮಚ್ಚೆ, ಕಚ್ಚಿ ಕಚ್ಚಿ ಮೊಂಡಾದ ಉಗುರು. ಮನೆಯಲ್ಲಿ ಮೂವರು ಮಕ್ಕಳಲ್ಲಿ ನಡುವಿನವಳು ನಾನು. ನನ್ನ ಕಿವಿ ಹೇಗಿದೆ ಎಂದು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಕುಂಟೆಬಿಲ್ಲೆ ಬಿಟ್ಟು ಓಡಿ ಹೋಗಿ ಕೂರುತ್ತಿದ್ದೆ.

ಆಮೇಲೆ ದೊಡ್ಡ ಕ್ಯಾನ್ವಾಸು ಬಂತು. ಮೊದಲು ನೀರಿನಂಥ ಕಂದು ಬಣ್ಣದಲ್ಲಿ ನೆರಳುಗಳನ್ನಷ್ಟೇ ಹಾಕಿದರು. ಅದರ ಮೇಲೆ ಒಂದು ಪದರ, ಮತ್ತೊಂದು ಪದರ. ಅಕ್ರಿಲಿಕ್ ಬಣ್ಣ ನೋಡನೋಡುತ್ತಲೇ ಒಣಗುತ್ತದೆ, ಆದ್ದರಿಂದ ಬೇಗ ಬೇಗ ಹಚ್ಚಬೇಕು ಎನ್ನುತ್ತ ತಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದರು.

ದೊಡ್ಡಮ್ಮನವರು ಗೋದಾಮಿಗೆ ಬರತೊಡಗಿದ್ದು ಆಗಲೇ. ಅವರು ವೀಣಕ್ಕನ ತಾಯಿ, ಎಪ್ಪತ್ತರ ಹತ್ತಿರ. ಮಧ್ಯಾಹ್ನ ಅಕ್ಕಿರೊಟ್ಟಿ, ಜೇನುತುಪ್ಪ ತಂದು ನನ್ನ ಮುಂದಿಟ್ಟು ಕ್ಯಾನ್ವಾಸಿನ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಿದ್ದರು. ತಾಯಿ ಮೆಲ್ಲಗೆ ಏನೋ ಹೇಳುವರು, ಮಗಳು ಬರೆಯುವರು. ಹುಬ್ಬು ಇಷ್ಟು ದಪ್ಪ ಬೇಡ. ತುಟಿ ಸ್ವಲ್ಪ ಮೇಲೆ. ನಾನು ಇಳಿದು ಬಂದು ನೋಡಿದಾಗಲೆಲ್ಲ ಅಲ್ಲಿ ನಾನು ಸ್ವಲ್ಪ ಸ್ವಲ್ಪ ಕಡಿಮೆಯಾಗಿರುತ್ತಿದ್ದೆ. ಒಂದು ದಿನ ಮಚ್ಚೆ ಇರಲಿಲ್ಲ. ಇನ್ನೊಂದು ದಿನ ಕಿವಿ ಬೇರೆ ಯಾರದೋ.

"ಇದು ಯಾರು ವೀಣಕ್ಕ?" ಎಂದು ಕೇಳಿಯೇಬಿಟ್ಟೆ.

"ನಂದು. ನನ್ನ ತಂಗಿ," ಎಂದರು ಕುಂಚ ತೊಳೆಯುತ್ತ. "ನಿನ್ನ ವಯಸ್ಸೇ ಅವಳಿಗೆ."

ನಂದು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಇದನ್ನು ಹೇಳಿದ್ದು ಅಮ್ಮ. ಮೆದುಳು ಜ್ವರವಂತೆ, ಮೂಡಿಗೆರೆ ಆಸ್ಪತ್ರೆ ಮುಟ್ಟುವುದರೊಳಗೆ ಜೀಪಿನಲ್ಲೇ ಹೋಯಿತಂತೆ. ಹೆಂಡತಿ ದಿನವೂ ಫೋಟೋ ಹಿಡಿದು ಅಳುವುದನ್ನು ನೋಡಲಾರದೆ ಯಜಮಾನರು ಇದ್ದಬದ್ದ ಫೋಟೋಗಳನ್ನೆಲ್ಲ ಸುಟ್ಟುಬಿಟ್ಟಿದ್ದರಂತೆ. ಯಜಮಾನರೂ ಹೋದ ಮೇಲೆ ದೊಡ್ಡಮ್ಮನವರಿಗೆ ಮಗಳ ಮುಖ ಮರೆತುಹೋಗುತ್ತಿದೆ ಎಂಬ ಭಯ ಹಿಡಿದಿತ್ತು.

ಒಂದು ಮಧ್ಯಾಹ್ನ ಹೋದಾಗ ನೆಲದ ಮೇಲಿನ ಹಳೆಯ ಗೆರೆಗಳನ್ನು ಒರೆಸಿ ಹೊಸದು ಎಳೆದಿದ್ದರು. ಎರಡೂ ಪಾದ ಒಳಗೆ ತಿರುಗಿದ್ದವು. ನಂದು ಹಾಗೇ ಕೂರುತ್ತಿದ್ದಳಂತೆ. ಮೊದಮೊದಲು ಮಂಡಿ ನೋಯುತ್ತಿತ್ತು. ಆಮೇಲೆ ನೋವು ಹೋಯಿತು. ಆಟದಲ್ಲಿ ಗೆರೆ ತುಳಿದು ತುಳಿದು ಸೋಲತೊಡಗಿದೆ. ಆಳುಗಳ ಲೈನ್ ಮನೆಗಳ ಮಕ್ಕಳು, ಇವಳು ಬಾತುಕೋಳಿ ಹಾಗೆ ನಡೀತಾಳೆ ಎಂದು ನಗತೊಡಗಿದರು. ನನಗೆ ಮಾತ್ರ ನಾನು ಮೊದಲಿನ ಹಾಗೇ ನಡೆಯುತ್ತಿದ್ದೇನೆ ಅನಿಸುತ್ತಿತ್ತು.

ಒಂದು ಸಂಜೆ ಆಫೀಸಿನಲ್ಲಿ ಕೂತಿದ್ದ ಅಪ್ಪನಿಗೆ ಕಾಫಿ ಕೊಡಲು ಕಣ ದಾಟಿ ಹೋಗುತ್ತಿದ್ದೆ. ಅಪ್ಪ ಪುಸ್ತಕದಿಂದ ತಲೆಯೆತ್ತಿದವರು ಕುರ್ಚಿ ಬಿಟ್ಟು ಎದ್ದು ನಿಂತರು. ಹದಿನೆಂಟನೇ ವಯಸ್ಸಿಗೆ ಆ ಎಸ್ಟೇಟಿಗೆ ಬಂದವರು ಅವರು. ನಂದುವನ್ನು ನೋಡಿದ್ದರು. ನಾನು ಹತ್ತಿರ ಬರುವ ತನಕ ನನ್ನ ಕಾಲನ್ನೇ ನೋಡುತ್ತಿದ್ದರು.

"ನಿಂಗೆ ಈ ನಡಿಗೆ ಯಾರು ಹೇಳಿಕೊಟ್ಟಿದ್ದು?"

ಯಾರೂ ಇಲ್ಲ ಎಂದೆ.

"ನಾಳೆಯಿಂದ ಗೋದಾಮಿಗೆ ಹೋಗ್ಬೇಡ. ನಾನು ವೀಣಮ್ಮಂಗೆ ಹೇಳ್ತೀನಿ."

ಅಪ್ಪ ಹೇಳಿದರೋ ಇಲ್ಲವೋ ತಿಳಿಯದು. ಅಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಎರಡು ದಿನ ಮನೆಯಲ್ಲಿ ಕೂತೆ. ಯಾರೂ ನನ್ನ ಕಡೆ ನೋಡದ ಆ ಎರಡು ದಿನ ನನಗೆ ನಾನು ಇದ್ದೇನೋ ಇಲ್ಲವೋ ಎನ್ನುವ ಹಾಗಾಗಿತ್ತು. ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ್ದಾಗ, ಹಿಂಬಾಗಿಲಿನಿಂದ ಹೊರಟೆ. ಕಾಫಿ ಹೂವು ಬಾಡಿ ಕಂದಿತ್ತು. ಹಕ್ಕಿಯ ದನಿಯೂ ಇರಲಿಲ್ಲ.

ಗೋದಾಮಿನಲ್ಲಿ ತಾಯಿ ಮಗಳು ಇಬ್ಬರೂ ಇದ್ದರು. ನಾನು ಸ್ಟೂಲು ಹತ್ತಿ ಗೆರೆಯೊಳಗೆ ಕಾಲಿಟ್ಟೆ. ದೊಡ್ಡಮ್ಮನವರು ನನ್ನ ಕಡೆ ತಿರುಗಲಿಲ್ಲ. ಚಿತ್ರದ ಎದುರು ರೊಟ್ಟಿಯ ತಟ್ಟೆ ಇಟ್ಟುಕೊಂಡು ಕೂತಿದ್ದರು. ಹಗುರ ದನಿಯಲ್ಲಿ, ಸ್ಕೂಲಿಂದ ಬಂದವಳನ್ನು ವಿಚಾರಿಸುವ ಹಾಗೆ, ಅದರ ಜೊತೆ ಮಾತಾಡುತ್ತಿದ್ದರು. ಹಸಿವಾಯ್ತಾ, ಬಿಸಿಲಲ್ಲಿ ಬಂದ್ಯಾ. ನಡುನಡುವೆ ಉತ್ತರಕ್ಕೆ ಕಾಯುತ್ತಿದ್ದರು. ಉತ್ತರ ಸಿಕ್ಕಿದವರ ಹಾಗೆ ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಿದ್ದರು. ವೀಣಕ್ಕ ಬಣ್ಣ ಕಲಸುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮನವರಿಗೆ ನನ್ನ ನೆನಪಾಯಿತೇನೋ. ಕಣ್ಣು ಚಿತ್ರದ ಮೇಲೇ ಇಟ್ಟು, "ನಂದು ಬಂದಾಯ್ತಲ್ಲ ವೀಣಾ," ಎಂದರು. "ಇನ್ನು ಆ ಹುಡುಗೀನ ಕಳಿಸು."

ವೀಣಕ್ಕ ತಾಯಿಯನ್ನು ಮುಖ ತೊಳೆಸಲೆಂದು ಹೊರಗೆ ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ನಾನು ಚಿತ್ರದ ಮುಂದೆ ಒಬ್ಬಳೇ ನಿಂತೆ. ಅವಳು ನನ್ನ ಲಂಗದಲ್ಲಿ, ನನ್ನ ಹಾಗೆ ಕೈ ಕಟ್ಟಿ ಕೂತು, ನನ್ನನ್ನೇ ಗುರುತಿಲ್ಲದವಳ ಹಾಗೆ ನೋಡುತ್ತಿದ್ದಳು. ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ತಟ್ಟೆಯಲ್ಲಿ ಕಪ್ಪುಗಂದು ಬಣ್ಣ ಇನ್ನೂ ಹಸಿಯಾಗಿತ್ತು. ಸಣ್ಣ ಕುಂಚ ಅದ್ದಿ ಅವಳ ಬಲಗೆನ್ನೆಗೆ ನನ್ನ ಮಚ್ಚೆ ಇಟ್ಟೆ.

ಅವರು ತಿರುಗಿ ಬಂದರು. ದೊಡ್ಡಮ್ಮನವರು ಕುರ್ಚಿಯಲ್ಲಿ ಕೂರಹೋದವರು ಅರ್ಧಕ್ಕೆ ನಿಂತರು. ಚಿತ್ರದ ಗಲ್ಲ ಮುಟ್ಟಿದರು. ಆಮೇಲೆ ನನ್ನ ಹತ್ತಿರ ಬಂದು, ಒದ್ದೆ ಕೈಯಲ್ಲಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಅಷ್ಟು ದಿನದಲ್ಲಿ ಅವರು ನನ್ನನ್ನು ನಿಜವಾಗಿ ನೋಡಿದ್ದು ಅದೇ ಮೊದಲು.

"ನೀನು ರೈಟರ ಮಗಳಲ್ವ," ಎಂದರು. "ಹಂಗಾದ್ರೆ ನಂದು ಎಲ್ಲಿ?"

ಅವರು ಅತ್ತ ದನಿಯನ್ನು ಇಲ್ಲಿ ಬರೆಯಲಾರೆ. ಹೊಸದಾಗಿ ಸಾವಿನ ಸುದ್ದಿ ಕೇಳಿದವರು ಹಾಗೆ ಅಳುತ್ತಾರೆ. ವೀಣಕ್ಕ ಒದ್ದೆ ಬಟ್ಟೆ ತಂದು ಚಿತ್ರದ ಕೆನ್ನೆ ತಿಕ್ಕಿದರು. ಬಣ್ಣ ಒಣಗಿಬಿಟ್ಟಿತ್ತು. ಮತ್ತೆ ತಿಕ್ಕಿದರು. ಅಮ್ಮನಿಂದ ಏಟು ತಿಂದಷ್ಟು ಸಲೀಸಾಗಿ ಇವರಿಂದಲೂ ತಿನ್ನಲು ತಯಾರಾಗಿ ನಿಂತಿದ್ದೆ. ಅವರು ಹೊಡೆಯಲಿಲ್ಲ. ಅದೇ ಬಟ್ಟೆ ಹಿಡಿದು ನನ್ನ ಮುಂದೆ ಮೊಣಕಾಲೂರಿ ನೆಲದ ಮೇಲಿನ ಆ ಪಾದದ ಗೆರೆಗಳನ್ನು ಒಂದೂ ಉಳಿಯದಂತೆ ಒರೆಸಿದರು.

"ತಪ್ಪು ನಿಂದಲ್ಲ ಕಣೇ," ಎಂದರು. "ಮನೆಗೆ ಹೋಗು. ನೆಟ್ಟಗೆ ನಡ್ಕೊಂಡು ಹೋಗು."

ಆ ಮಚ್ಚೆಯ ಮೇಲೆ ಮರುದಿನವೇ ಮೈಬಣ್ಣ ಹಚ್ಚಿ ಮುಚ್ಚಿದರು ಎಂದು ಅಪ್ಪನಿಂದ ತಿಳಿಯಿತು. ಮುಂದಿನ ಕೊಯ್ಲಿಗೆ ಗೋದಾಮು ಮತ್ತೆ ಕಾಫಿಗೇ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ನಡಿಗೆ ನನಗೆ ವಾಪಸು ಬಂತು. ಅಮ್ಮ ಅದನ್ನು ದೇವರಿಗೆ ಹೇಳಿಕೊಂಡ ಹರಕೆಯ ಫಲ ಎಂದಳು.

ಹೋದ ವರ್ಷ ದೊಡ್ಡಮ್ಮನವರು ತೀರಿಕೊಂಡಾಗ ಮಗಳನ್ನು ಕರೆದುಕೊಂಡು ಬಾಳೂರಿಗೆ ಹೋಗಿದ್ದೆ. ವೀಣಕ್ಕನ ಕೈ ಈಗ ನಡುಗುತ್ತದೆ, ಕುಂಚ ಹಿಡಿದು ವರ್ಷಗಳಾದವಂತೆ. ಇದ್ದಿಲಿನ ಚಿತ್ರಗಳನ್ನು ಕೇಳಿದೆ. ಒಂದೂ ಉಳಿದಿಲ್ಲ, ಗೆದ್ದಲು ತಿಂದಿತು ಎಂದರು. ನನ್ನ ಮಗಳ ಫೋಟೋಗಳು ನನ್ನ ಫೋನಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಯಾವುದನ್ನೂ ನಾನು ಹತ್ತು ನಿಮಿಷ ನೋಡಿಲ್ಲ. ನಮ್ಮ ಮನೆಯಲ್ಲಿ ಆಗ ಕ್ಯಾಮೆರಾ ಇರಲಿಲ್ಲ. ನನ್ನ ಹನ್ನೊಂದನೇ ವಯಸ್ಸಿನದು ಅಂತ ಉಳಿದಿರುವುದು ಆ ಮನೆಯ ಹಜಾರದ ಗೋಡೆಯಲ್ಲಿರುವ ನಂದುವಿನ ಆ ಚಿತ್ರವೊಂದೇ. ಅದರ ಮುಂದೆ ದೀಪ ಉರಿಯುತ್ತಿತ್ತು, ಹೊಸ ಹಾರ ಹಾಕಿದ್ದರು. ಪಕ್ಕದಲ್ಲಿ ನಿಂತಿದ್ದ ಯಾರೋ ನೆಂಟರು, ಇವರ ಸಣ್ಣ ಮಗಳು, ಪಾಪ, ಚಿಕ್ಕ ವಯಸ್ಸಿಗೇ ಹೋಯಿತು ಎಂದು ನನಗೆ ಹೇಳಿದರು. ಹೌದು ಎಂದೆ. ನನ್ನ ಮಗಳು ಕೈಮುಗಿದಳು.