ಮುಚ್ಚಳಗಳ ಗಂಟು

ಇದನ್ನು ಬರೆಯುವ ಕೆಲಸವನ್ನು ಬಹಳ ವರ್ಷ ಮುಂದಕ್ಕೆ ಹಾಕಿದೆ. ಮೊದಲು ಅಣ್ಣ ಓದಿಯಾನು ಎಂಬ ಅಂಜಿಕೆ, ಆಮೇಲೆ ಮಕ್ಕಳು ಓದಿಯಾರು ಎಂಬ ನಾಚಿಕೆ. ಈಗ ಎರಡೂ ಸವೆದಿವೆ.

ನನ್ನ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಮುಚ್ಚಳದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಅದು ಯಾವ ಡಬ್ಬಿಯದೆಂದು ಹೇಳುತ್ತಿದ್ದರು. ಬೆಟಗೇರಿಯ ನಮ್ಮ ಕೂಡುಮನೆಯಲ್ಲಿ ಹಿತ್ತಾಳೆಯವು, ಸ್ಟೀಲಿನವು, ಬಿಸ್ಕೀಟಿನ ತಗಡಿನವು ಎಲ್ಲ ಡಬ್ಬಿಗಳೂ ಬೆರೆತಿದ್ದವು. ಎಲ್ಲಕ್ಕೂ ಅವರು ಜಾಗ ಗೊತ್ತು ಮಾಡಿದ್ದರು. ದಿನವೂ ಬೇಕಾಗುವ ಖಾರಪುಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೈಗೆಟುಕುವ ಹಲಗೆಯ ಮೇಲೆ. ಹಬ್ಬದ ರವೆ, ಬೆಲ್ಲ ಅದರ ಮೇಲೆ. ಉಂಡೆಯ ಡಬ್ಬಿ ಮಾತ್ರ ಎಲ್ಲಕ್ಕೂ ಕೆಳಗೆ, ಅದೂ ಸಡಿಲ ಮುಚ್ಚಳದ್ದು.

"ಇದನ್ಯಾಕ ಕೆಳಗ ಇಟ್ಟೀರಿ ಅಕ್ಕಾ, ಹುಡುಗರು ಖಾಲಿ ಮಾಡತಾವಲ್ಲ?" ಎಂದು ನನ್ನ ಹೆಂಡತಿ ನೀಲವ್ವ ಕೇಳಿದಳು.

"ಮ್ಯಾಲ ಇಟ್ರ ಡಬ್ಬಿ ಸಮೇತ ಬೀಳತಾವ. ಉಂಡಿ ಹೋದ್ರ ಮತ್ತ ಕಟ್ಟಬಹುದು, ಹಲ್ಲ ಹೋದ್ರ ನೀ ಕಟ್ಟತೀಯೇನ?"

ಬಿಗಿ ಮುಚ್ಚಳವನ್ನು ನಾವು ಗಂಡಸರು ಚಮಚದಿಂದ ಮೀಟಿ ತೆಗೆದರೆ ಅವರಿಗೆ ಸಿಟ್ಟು. "ಅಂಚ ಸೊಟ್ಟ ಮಾಡಬ್ಯಾಡೋ ಈರಣ್ಣಾ. ಆಮ್ಯಾಲ ಆ ಮುಚ್ಚಳಕ್ಕ ಯಾವ ಡಬ್ಬೀನೂ ಗಂಡ ಆಗಾಂಗಿಲ್ಲ" ಎನ್ನುತ್ತಿದ್ದರು.

ಬಳಗದ ಮದುವೆಗಳಲ್ಲಿ ಉಗ್ರಾಣದ ಕೀಲಿ ಅವರ ಸೊಂಟದಲ್ಲಿಯೇ ಇರಬೇಕು. ಲಕ್ಷ್ಮೇಶ್ವರ, ಶಿರಹಟ್ಟಿಯ ಬೀಗರು ಕೂಡ "ಉಗ್ರಾಣಕ್ಕ ನಿಮ್ಮ ವೈನಿ ಬರತಾರಲ್ಲ?" ಎಂದು ಖಾತ್ರಿ ಮಾಡಿಕೊಂಡೇ ಅಡಿಗೆಯವರನ್ನು ಗೊತ್ತು ಮಾಡುತ್ತಿದ್ದರು. ಅವರು ಕೂತ ಉಗ್ರಾಣದಲ್ಲಿ ಏನೂ ಕಡಿಮೆ ಬೀಳುತ್ತಿರಲಿಲ್ಲ, ಏನೂ ಕಾಣೆಯಾಗುತ್ತಿರಲಿಲ್ಲ.

ಅಣ್ಣ ಮುಂಡರಗಿಯಲ್ಲಿ ಅಂಗಡಿ ಹಾಕಿದಾಗ ನಮ್ಮ ಮನೆ ಪಾಲಾಯಿತು. ಪಾಲು ಮಾಡಿಕೊಡಲು ಹಿರಿಯರು ಬರುವ ದಿನ ವೈನಿ ಡಬ್ಬಿಗಳನ್ನೆಲ್ಲ ಪಡಸಾಲೆಗೆ ತಂದು ಮುಚ್ಚಳ ತೆಗೆದಿಟ್ಟರು. ಒಳಗೆ ಏನಿದೆ, ಎಷ್ಟಿದೆ ಎಂಬುದು ಎಲ್ಲರಿಗೂ ಕಾಣಲಿ ಎಂಬುದು ಅವರ ವಿಚಾರ. ಮುಚ್ಚಳಗಳನ್ನು ಹಳೆಯ ಸೀರೆಯೊಂದರಲ್ಲಿ ಗಂಟು ಕಟ್ಟಿ ಮೂಲೆಗಿಟ್ಟರು. ಡಬ್ಬಿ ಹಂಚಿ ಮುಗಿದ ಮೇಲೆ ನೋಡಿದರೆ ಗಂಟು ಇಲ್ಲ.

ಹೊಲದ ಪಾಲಿನಲ್ಲಿ ಅಣ್ಣನ ಮೇಲೆ ನನಗೆ ಉರಿಯಿತ್ತು. ಅದನ್ನು ವೈನಿಯ ಮೇಲೆ ತೀರಿಸಿಕೊಂಡೆ. "ಮುಚ್ಚಳ ಎಲ್ಲಿ ಹೋದ್ವು ವೈನಿ? ಡೋಣಿಗೆ ಕಳಿಸೀರೇನು?" ಎಂದೆ. ಡೋಣಿ ಅವರ ತವರು.

"ಬರೇ ಮುಚ್ಚಳ ತಗೊಂಡು ನಮ್ಮವ್ವ ಏನ್ ಮುಚ್ಚಬೇಕೋ?" ಎಂದರು ಅವರು. ಯಾರೂ ನಗಲಿಲ್ಲ.

ಹಿರಿಯರೊಬ್ಬರು ನೆಲ ನೋಡುತ್ತ, "ಇರ್ಲಿ ಬಿಡವಾ, ಹೋಗಿದ್ದು ಮುಚ್ಚಳ ಅಷ್ಟ" ಎಂದರು. ಆ ಮಾತಿಗೆ ವೈನಿಯ ಮುಖ ಬಿಳಿಚಿತು.

ಮಳೆಗಾಲದಲ್ಲಿ ಸೋರುವ ಹಂಚು ಸರಿಮಾಡಲು ಅಟ್ಟ ಹತ್ತಿದಾಗ ಗಂಟು ಸಿಕ್ಕಿತು. ನೋಡಿದ ಕೂಡಲೆ ನೆನಪಾಯಿತು. ಹಿರಿಯರಿಗೆ ಜಮಖಾನೆ ಹಾಸಲು ಜಾಗ ಮಾಡುವಾಗ, ಯಾವುದೋ ಹಳೆ ಸಾಮಾನೆಂದು ಅದನ್ನು ಅಟ್ಟಕ್ಕೆ ಎಸೆದವನು ನಾನೇ.

"ನಾಳೇನ ಮುಂಡರಗಿ ಬಸ್ಸ ಹತ್ರಿ. ತಪ್ಪಾತು ಅನ್ರಿ" ಎಂದಳು ನೀಲವ್ವ.

"ಹೋಗತೇನಿ" ಎಂದೆ. ಹೋಗಲಿಲ್ಲ. ಮುಚ್ಚಳಗಳನ್ನು ಬಳಸುವ ಹಾಗೂ ಇರಲಿಲ್ಲ, ಬಂದವರು ಗುರುತು ಹಿಡಿದಾರು. ಮುಚ್ಚಳ ಅಟ್ಟದ ಮೇಲೆ, ಸಕ್ಕರೆಯಲ್ಲಿ ಇರುವೆ, ಹೀಗೆ ಸಂಸಾರ ನಡೆಯಿತು.

ಅಷ್ಟರಲ್ಲಿ ಡೋಣಿಗೆ ಕಳಿಸಿದರೆಂಬ ನನ್ನ ಮಾತು ಬಳಗದಲ್ಲೆಲ್ಲ ಹರಡಿತ್ತು. ನನ್ನ ಮಗಳ ಮದುವೆಗೆ ಬಂದ ವೈನಿ ರೂಢಿಯಂತೆ ನೇರ ಉಗ್ರಾಣದ ಬಾಗಿಲಿಗೆ ಹೋದರು. ಒಳಗೆ ಕೂತಿದ್ದ ನೀಲವ್ವನ ಅಕ್ಕ, "ಇಲ್ಲಿ ಸೆಕಿ ಐತ್ರಿ, ನೀವು ಹೊರಗ ಗಾಳ್ಯಾಗ ಕುಂಡ್ರಿ" ಎಂದಳು.

"ಹೌದವಾ, ಭಾಳ ಸೆಕಿ" ಎಂದು ವೈನಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಹೊರಗಿನ ಅತಿಥಿಯಂತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾನು ಎಲೆ ಅಡಿಕೆಯ ತಾಟು ಹಿಡಿದು ಅಲ್ಲಿಯೇ ನಿಂತಿದ್ದೆ. ನಾನೊಂದು ಮಾತು ಆಡಿದ್ದರೆ ಸಾಕಾಗಿತ್ತು.

ಅಣ್ಣ ತೀರಿಕೊಂಡ ಮೇಲೆ ಒಮ್ಮೆ ಗಂಟು ಹೊತ್ತು ಮುಂಡರಗಿಗೆ ಹೋದೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ, "ಸುಣ್ಣ ಹಚ್ಚೂವಾಗ ಮೊನ್ನೆ ಸಿಕ್ಕೂರಿ, ವೈನಿ."

ಅವರು ಗಂಟು ಬಿಚ್ಚಿ, ಒಂದೊಂದೇ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸುತ್ತ ಎರಡು ಪಾಲು ಮಾಡಿದರು. "ಇದು ನಮ್ಮದು. ಇದು ನಿಮ್ಮ ಅವಲಕ್ಕಿ ಡಬ್ಬಿದು. ಇಷ್ಟ ದಿನ ಸಕ್ರಿಗೆ ಏನ್ ಮುಚ್ಚತಿದ್ರಿ?"

"ತಾಟು."

"ಇರಿವಿ?"

"ಬರತಿದ್ವು."

"ಬರತಾವ. ನಮ್ಮಲ್ಲೂ ಬಂದ್ವು." ನನ್ನ ಪಾಲನ್ನು ಅದೇ ಸೀರೆಯಲ್ಲಿ ಕಟ್ಟಿ ಕೈಗೆ ಕೊಟ್ಟು, ನನ್ನನ್ನೇ ನೋಡುತ್ತ ಕೇಳಿದರು: "ಮತ್ತೇನರ ಹೇಳೂದೈತೇನೋ, ಈರಣ್ಣಾ?"

"ಏನಿಲ್ರಿ. ಬಸ್ಸಿಗೆ ಹೊತ್ತಾತು."

ಅವರೊಂದಿಗೆ ಆಡಿದ ಕೊನೆಯ ಮಾತು ಅದು. ಅವರು ತೀರಿಕೊಂಡ ಮೇಲೆ ಮಣ್ಣಿಗೆ ಹೋದಾಗ ಬೀಗರೊಬ್ಬರು, "ಛಲೋ ಹೆಣ್ಣಮಗಳು. ಅದೊಂದು ಮುಚ್ಚಳದ ಮಾತು ಬಿಟ್ರ" ಎಂದು ನಿಟ್ಟುಸಿರುಬಿಟ್ಟರು. ಅಲ್ಲಿಯೂ ನಾನು ಸುಮ್ಮನೆ ನಿಂತೆ.

ಆ ಬೀಗರೂ ಓದಲಿ, ಅವರ ಮಕ್ಕಳೂ ಓದಲಿ. ಗಂಟನ್ನು ಎಸೆದವನು ನಾನು, ಸಿಕ್ಕಮೇಲೆ ಬಚ್ಚಿಟ್ಟವನೂ ನಾನು. ಏನನ್ನೂ ಕದಿಯದೆ ಕಳ್ಳಿ ಅನ್ನಿಸಿಕೊಂಡವರು, ನನ್ನ ಬಾಯಿಂದ ತಪ್ಪಾಯಿತೆಂಬ ಮಾತನ್ನು ಕೊನೆಯವರೆಗೂ ಕೇಳದೆ ಹೋದವರು, ನಮ್ಮ ಮನೆಯ ಹಿರಿಯ ಸೊಸೆ, ಗೌರವ್ವ.