ಅಮರಪ್ಪ ಕಾಕಾ ನನ್ನ ಲಾರಿಯ ಮುಂದೆ ನಡೆದ ದಿನ

ಅದು ಅರವತ್ತಮೂರನೇ ಇಸವಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕಡೆ ಬಂದು ಕೆಲವು ವರ್ಷಗಳಾಗಿದ್ದವು. ಮರಿ ಕಾಲುವೆಗಳ ಕೆಲಸ ಮಾತ್ರ ಇನ್ನೂ ಎಲ್ಲೆಲ್ಲೂ ನಡೆದೇ ಇತ್ತು. ಮಸ್ಕಿ ಹತ್ತಿರದ ಒಂದು ಸಣ್ಣ ಹಳ್ಳಿ ನಮ್ಮದು. ನನಗೆ ಆಗ ಮೂವತ್ತೆರಡು ವರ್ಷ. ಹೊಲ ಇರಲಿಲ್ಲ, ಒಂದು ಜೋಡಿ ಎತ್ತು ಮತ್ತು ಒಂದು ಬಂಡಿ ಇದ್ದವು. ಗುಡ್ಡದ ಕಲ್ಲನ್ನು ಕಾಲುವೆ ಕೆಲಸಕ್ಕೆ ಹೇರುವುದೇ ನನ್ನ ದುಡಿಮೆ. ನಮ್ಮೂರಿನಿಂದಲೇ ಹತ್ತು ಹನ್ನೆರಡು ಬಂಡಿಗಳು ಸಾಲಾಗಿ ಹೋಗುತ್ತಿದ್ದವು. ಎಲ್ಲರಿಗಿಂತ ಮುಂದೆ ಅಮರಪ್ಪ ಕಾಕಾನ ಬಂಡಿ. ಅವರಿಗೆ ಐವತ್ತು ದಾಟಿತ್ತು. ಸಂಬಂಧದಲ್ಲಿ ನನಗೇನೂ ಆಗಬೇಕಿರಲಿಲ್ಲ, ಊರಲ್ಲಿ ಎಲ್ಲರೂ ಕರೆಯುವಂತೆ ನಾನೂ ಕಾಕಾ ಎನ್ನುತ್ತಿದ್ದೆ.

ಆ ಯುಗಾದಿ ಕಳೆದ ಮೇಲೆ ಗುತ್ತೇದಾರರು ಎರಡು ಲಾರಿ ತಂದರು. ನಾವೆಲ್ಲ ಸೇರಿ ಮೂರು ದಿನ ಹೇರುವ ಕಲ್ಲನ್ನು ಲಾರಿ ಮಧ್ಯಾಹ್ನದೊಳಗೆ ಹಾಕಿ ಬರುತ್ತಿತ್ತು. ತಿಂಗಳೊಳಗೆ ನಮಗೆ ಕೆಲಸವೇ ಇಲ್ಲದಂತಾಯಿತು. ಹೊಲ ಇದ್ದವರು ಹೊಲಕ್ಕೆ ಹೋದರು. ಅಮರಪ್ಪ ಕಾಕಾ ಸಂತೆಗೆ ಕಾಳಿನ ಚೀಲ ಹೇರತೊಡಗಿದರು. ನಾನು ಮಾತ್ರ ದಿನಾ ಹೋಗಿ ಲಾರಿ ನಿಲ್ಲುವ ಜಾಗದಲ್ಲಿ ಕುಳಿತಿರುತ್ತಿದ್ದೆ. ಎರಡರಲ್ಲಿ ಒಂದು ಮೂಗು ಮುಂದಕ್ಕೆ ಚಾಚಿದ್ದ ಹಳೆಯ ಲಾರಿ, ಮುಂದೆ ನಿಂತು ಹ್ಯಾಂಡಲ್ ತಿರುವಿ ಚಾಲೂ ಮಾಡಬೇಕಿತ್ತು. ಅದರ ಡ್ರೈವರ್ ಲಿಂಗಸೂಗೂರಿನ ಖಾಜಾಸಾಬ್. ಒಂದು ವಾರ ಹ್ಯಾಂಡಲ್ ತಿರುವಿಕೊಟ್ಟ ಮೇಲೆ ಧೈರ್ಯ ಮಾಡಿ ಕೇಳಿದೆ.

"ಭಾಯಿ, ನನಗೂ ಲಾರಿ ಕಲಸ್ರಿ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಬಂಡಿ ಹೊಡ್ಯಾಂವ ಲಾರಿ ಹೊಡೀತೀಯೇನು?"

"ಹೊಡೀತೀನ್ರಿ."

"ಎತ್ತಿಗೆ ದಾರಿ ಗೊತ್ತಿರತೈತಿ ದುರಗಪ್ಪ. ನೀ ಮಲಕೊಂಡ್ರೂ ಮನಿ ಮುಟ್ಟಸ್ತಾವ. ಲಾರಿ ಹಂಗಲ್ಲ, ಕುರುಡು ಐತಿ ಅದು. ಅದರ ಕಣ್ಣು ನೀನ ಆಗಬೇಕು. ಆಗ್ತದೇನು?"

ಆಗುತ್ತದೆ ಎಂದೆ. ಅವರೇ ಓಡಾಡಿ ಕಲಿಯುವವರ ಲೈಸೆನ್ಸ್ ಮಾಡಿಸಿಕೊಟ್ಟರು. ನಿಜಾಮರ ಕಾಲದಲ್ಲಿ ನಾಲ್ಕನೇ ಜಮಾತ್‌ವರೆಗೆ ಉರ್ದು ಓದಿದ್ದ ನಾನು, ಆ ಕಾಗದದ ಮೇಲೆ ಉರ್ದುವಿನಲ್ಲೇ ಸಹಿ ಮಾಡಿದೆ.

ಕಲಿಕೆ ಶುರುವಾದದ್ದು ಊರ ಹೊರಗಿನ ಬೀಳು ನೆಲದಲ್ಲಿ. ಆ ಮೊದಲ ದಿನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಲಾರಿ ಮುಂದಕ್ಕೆ ಹೊರಟಿತು. ಎದುರಿಗೆ ಒಂದು ಜಾಲಿ ಪೊದೆ. ನಿಲ್ಲಿಸು ಎಂದು ಖಾಜಾಸಾಬರು ಕೂಗಿದರು. ನಾನು ಸ್ಟೇರಿಂಗನ್ನು ಎತ್ತಿನ ಹಗ್ಗದಂತೆ ಎರಡೂ ಕೈಯಿಂದ ಎದೆಗೆ ಜಗ್ಗಿ "ಹೋ... ಹೋ... ಹೋ..." ಎಂದೆ! ಲಾರಿ ಹೋಗಿ ಜಾಲಿಯ ಪೊದೆಯೊಳಗೆ ನಿಂತಿತು. ಕಾಲುವೆಯ ಕೂಲಿಯವರೆಲ್ಲ ಬುಟ್ಟಿ ಇಳಿಸಿ ಬಿದ್ದು ಬಿದ್ದು ನಕ್ಕರು. ಖಾಜಾಸಾಬರು ಮುಖದ ಮೇಲಿನ ಜಾಲಿ ಎಲೆ ಒರೆಸಿಕೊಂಡು, "ಇದಕ್ಕ ಕಿವಿ ಇಲ್ಲೋ ಭಾಯಿ, ಕಾಲಿನ ಕೆಳಗ ಬ್ರೇಕ್ ಐತಿ" ಎಂದರು.

ನಿಧಾನಕ್ಕೆ ಕಲಿತೆ. ಆ ಲಾರಿಗೆ ಒಂದು ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕಿತ್ತು. ಸ್ವಲ್ಪ ತಪ್ಪಿದರೂ ಹಲ್ಲು ಕಡಿದಂಥ ಸದ್ದು. ಊಟಕ್ಕೆ ಕುಳಿತಾಗ ನನ್ನ ಎಡಗಾಲು ತಾನಾಗಿಯೇ ನೆಲ ತುಳಿಯುತ್ತಿತ್ತು. ನನ್ನ ಹೆಂಡತಿ ಈರಮ್ಮ, "ರೊಟ್ಟಿ ತಿನ್ರಿ ಮೊದಲ, ಆಮ್ಯಾಲ ಲಾರಿ ಹೊಡೀರಿ" ಎಂದು ಬೈಯುತ್ತಿದ್ದಳು. ಮೂರನೇ ತಿಂಗಳಿಗೆ ಕಲ್ಲು ತುಂಬಿದ ಲಾರಿಯನ್ನು ನನ್ನ ಕೈಗೆ ಕೊಡತೊಡಗಿದರು. ಅವರು ಪಕ್ಕದಲ್ಲೇ ಕುಳಿತಿರುತ್ತಿದ್ದರು.

ಶ್ರಾವಣದ ಒಂದು ಮುಂಜಾನೆ. ಕಾಲುವೆಯ ಏರಿಯ ಮೇಲಿಂದ ದಾರಿ ಕೆಳಕ್ಕೆ ಇಳಿಯುವ ಒಂದು ಜಾಗವಿತ್ತು. ಹಿಂದಿನ ದಿನ ಮಳೆ ಬಂದು ಕಪ್ಪು ಎರೆಮಣ್ಣು ಜಾರುತ್ತಿತ್ತು. ನಾನು ಇಳಿಜಾರು ಹಿಡಿದಾಗ ಕೆಳಗೆ ಒಂದು ಬಂಡಿ ಹೋಗುತ್ತಿತ್ತು. ಬೆನ್ನು ನೋಡಿಯೇ ಅಮರಪ್ಪ ಕಾಕಾ ಎಂದು ಗೊತ್ತಾಯಿತು. ದೂರ ಇನ್ನೂ ಸಾಕಷ್ಟಿತ್ತು. ಆಗಲೇ ಬ್ರೇಕ್ ತುಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆ ಎತ್ತುಗಳನ್ನು ಕಂಡ ಕೂಡಲೇ ನನಗೆ ಏನಾಯಿತೋ, ಮೂರು ತಿಂಗಳು ಕಲಿತದ್ದೆಲ್ಲ ಹಾರಿಹೋಯಿತು. ಸ್ಟೇರಿಂಗನ್ನು ಎದೆಗೆ ಜಗ್ಗಿ "ಹೋ... ಹೋ..." ಎಂದು ಕೂಗಿದೆ. ಕಾಲು ಎರಡೂ ಸುಮ್ಮನೆ ಇದ್ದವು.

ಖಾಜಾಸಾಬರು ಕೈಬ್ರೇಕ್ ಎಳೆದರು. ಲಾರಿ ಜಾರುತ್ತಾ ಹೋಗಿ ಬಂಡಿಯ ಹಿಂಭಾಗಕ್ಕೆ ಗುದ್ದಿತು. ಜೋರಾಗಿ ಅಲ್ಲ. ಆದರೂ ಬಂಡಿ ತಿರುಚಿಕೊಂಡು ದಾರಿ ಬದಿಯ ಮಣ್ಣು ತೆಗೆದ ಗುಂಡಿಗೆ ಬಿತ್ತು. ಕಾಕಾ ಹಾರಿಕೊಂಡರು. ಎಡಗಡೆಯ ಎತ್ತು ನೊಗದ ಕೆಳಗೆ ಸಿಕ್ಕಿತು. ಅದರ ಮುಂಗಾಲು ಮುರಿದ ಸದ್ದು ಲಾರಿಯ ಸದ್ದಿನಲ್ಲೂ ನನಗೆ ಕೇಳಿಸಿತು.

ನಾನು ಇಳಿದು ಓಡಿಹೋಗಿ ಕಾಕಾನ ಕಾಲಿಗೆ ಬಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. "ಮೊದಲ ಕೊಳ್ಳಿನ ಹಗ್ಗ ಬಿಚ್ಚು" ಎಂದರು. ಇಬ್ಬರೂ ಸೇರಿ ಎತ್ತಿನ ಕೊರಳ ಹಗ್ಗ ಬಿಚ್ಚಿದೆವು. ಖಾಜಾಸಾಬರು ಎತ್ತಿನ ತಲೆ ಹಿಡಿದು ಕುಳಿತರು. "ತಪ್ಪು ನಂದೂ ಐತಿ ಅಮರಪ್ಪ. ಮಳಿ ಆದ ದಿನ ಇವನ ಕೈಯಾಗ ಕೊಡಬಾರದಿತ್ತು" ಎಂದರು.  ನಾಟಿ ವೈದ್ಯರೊಬ್ಬರು ಬಿದಿರಿನ ದಬ್ಬೆ ಕಟ್ಟಿದರು. ಜೀವ ಉಳಿಯಿತು. ಆದರೆ ಇನ್ನು ಅದು ನೊಗಕ್ಕೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಪೊಲೀಸರ ತನಕ ಹೋಗು ಎಂದು ಊರಲ್ಲಿ ಕೆಲವರು ಕಾಕಾಗೆ ಹೇಳಿದರು. ಅವರು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಎಡಗಡೆಯ ಎತ್ತನ್ನು ಬಿಚ್ಚಿಕೊಂಡು ಅವರ ಮನೆಗೆ ಹೋದೆ. ಎಡಕ್ಕೆ ಹೂಡಿ ಪಳಗಿದ ಎತ್ತು ಬಲಕ್ಕೆ ನಡೆಯುವುದಿಲ್ಲ, ಅವರಿಗೆ ಬೇಕಿದ್ದದ್ದು ಎಡಗಡೆಯದೇ. ಅವರ ಗೂಟಕ್ಕೆ ಕಟ್ಟಿದೆ. ಕಾಕಾ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

"ಜೋಡಿ ಮುರದೆಲ್ಲೋ ದುರಗ" ಎಂದರು.

"ನಿಮ್ಮದು ನಾ ಮುರದೀನಲ್ಲ ಕಾಕಾ" ಎಂದೆ. ಮುಂದೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ಮೇಲೆ ನಾನು ಲಾರಿಯ ಹತ್ತಿರ ಹೋಗಲಿಲ್ಲ. ಬಂಡಿ ಹೂಡುವಂತೆಯೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಾಲುವೆಯಲ್ಲಿ ಮಣ್ಣು ಹೊರತೊಡಗಿದೆವು. ಖಾಜಾಸಾಬರು ಎರಡು ಸಲ ಹೇಳಿ ಕಳಿಸಿದರು, ಒಂದು ಸಲ ತಾವೇ ಬಂದರು. ಅವರ ಜೊತೆ ಹೋಗಿ ಲಾರಿ ಹತ್ತಿ ಕುಳಿತೆ ಕೂಡ. ಕ್ಲಚ್ ಮೇಲೆ ಕಾಲಿಟ್ಟರೆ ಮೊಣಕಾಲು ತಡೆಯಲಾರದಷ್ಟು ನಡುಗುತ್ತಿತ್ತು. ಇಳಿದು ಬಂದುಬಿಟ್ಟೆ. ಮನೆಯಲ್ಲಿ ಉಳಿದ ಒಂಟಿ ಎತ್ತು ಮೇವು ಬಿಟ್ಟು ಬಾಗಿಲ ಕಡೆಗೇ ನೋಡುತ್ತಿತ್ತು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಹೀಗೆ ಒಂದು ತಿಂಗಳು ಕಳೆದಿರಬೇಕು. ಒಂದು ಸಂಜೆ ಅಮರಪ್ಪ ಕಾಕಾ ನಮ್ಮ ಮನೆಗೆ ಬಂದರು. ಈರಮ್ಮ ನೀರು ಬೆಲ್ಲ ಕೊಟ್ಟಳು. ಬೆಲ್ಲ ಬಾಯಿಗೆ ಹಾಕಿಕೊಂಡು, "ನಾಳೆ ಮುಂಜಾನೆ ಲಾರಿ ಕಡೆ ಬಾ. ನಾನೂ ಬರ್ತೀನಿ. ಸಾಬ್ರಿಗೆ ಹೇಳೀನಿ" ಎಂದರು.

"ನಾ ಇನ್ನ ಲಾರಿ ಮುಟ್ಟಂಗಿಲ್ಲ ಕಾಕಾ."

"ಯಾಕ?"

"ಎತ್ತಿನ ಕಾಲು ಮುರದೀನಿ. ನಾಳೆ ಮನಷ್ಯಾರ ಕಾಲು ಮುರೀತೀನಿ."

"ಅರ್ಧ ಕಲತು ಬಿಟ್ರ ಖರೇನ ಮುರೀತಿ. ಹೊಟ್ಟಿ ಹಸದಾಗ ಒಂದಿನ ಮತ್ತ ಯಾವದರ ಲಾರಿ ಹತ್ತತಿ ನೀ. ಆವತ್ತ ಮುರೀತಿ. ಅದಕ್ಕ ಪೂರಾ ಕಲಿ. ನನ್ನ ಎತ್ತಿನ ಕಾಲಂತೂ ಹೋಗೇತಿ. ಅದು ಸುಮ್ಮನ ಹೋಗಬಾರದು."

 ಬಾಗಿಲಲ್ಲಿ ನಿಂತಿದ್ದ ಈರಮ್ಮ, "ಕರಕೊಂಡು ಹೋಗ್ರಿ ಕಾಕಾ. ದಿನಾ ಎತ್ತಿನ ಮಾರಿ ನೋಡಿ ಅಳೋ ಗಂಡನ್ನ ಕಟಗೊಂಡು ನಾ ಏನ್ ಮಾಡ್ಲಿ" ಎಂದಳು.

ಮರುದಿನ ಕಾಕಾ ಮೊದಲ ಸಲ ಲಾರಿ ಹತ್ತಿದರು. ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು ಕುಳಿತರು. ಖಾಜಾಸಾಬರೇ ನಡೆಸಿದರು. ಆ ಇಳಿಜಾರು ಬಂದ ಕೂಡಲೇ ಕಾಕಾ "ಇಲ್ಲೇ ನಿಂದ್ರಸ್ರಿ" ಎಂದು ಇಳಿದರು. ಚಪ್ಪಲಿ ಬದಿಗೆ ಬಿಟ್ಟು ದಾರಿಯ ನಡುವೆ ಹೋಗಿ, ಲಾರಿಗೆ ಬೆನ್ನು ಮಾಡಿ ನಿಂತರು.

"ದುರಗ, ನಾ ಮುಂದ ನಡೀತೀನಿ. ನೀ ಹಿಂದ ಬಾ. ನಾ ಟವಲ್ ಎತ್ತಿದ ಕೂಡ್ಲೆ ನಿಂದ್ರಬೇಕು."

ಖಾಜಾಸಾಬರು ಸಿಟ್ಟಾದರು. "ಪಾಗಲ್ ಆಗೀಯೇನು ಅಮರಪ್ಪ? ಮತ್ತ ಕೈ ಕಾಲು ತಪ್ಪಿದ್ರ?"

"ಕೈಬ್ರೇಕ್ ಮ್ಯಾಲ ನೀವು ಕೈ ಇಟಗೊಂಡು ಕುಂದರ್ರಿ ಸಾಬ್ರ" ಎಂದರು ಕಾಕಾ, ತಿರುಗದೆಯೇ.

ನಾನು ಆಗುವುದಿಲ್ಲ ಎಂದೆ. ಅಳುತ್ತಲೇ ಹೇಳಿದೆ. ಕಾಕಾ ನಡೆಯತೊಡಗಿದರು. ಮನುಷ್ಯ ಹೊರಟೇಬಿಟ್ಟಿದ್ದಾನೆ, ನಾನೇನು ಮಾಡಲಿ? ಒಂದನೇ ಗೇರು ಹಾಕಿ ಕ್ಲಚ್ ಬಿಟ್ಟೆ. ಮೊಣಕಾಲು ನಡುಗುತ್ತಲೇ ಇತ್ತು. ಕಣ್ಣು ಮಾತ್ರ ಅವರ ಬೆನ್ನನ್ನು ಬಿಡಲಿಲ್ಲ. ಬೆವರಿನಿಂದ ಅಂಗಿ ಒದ್ದೆಯಾಗಿ ಅವರ ಬೆನ್ನಿಗೆ ಅಂಟಿತ್ತು. ಟವಲ್ ಮೇಲೆ ಹೋಯಿತು. ಬ್ರೇಕನ್ನು ಎಷ್ಟು ಗಟ್ಟಿಯಾಗಿ ತುಳಿದೆ ಎಂದರೆ ಖಾಜಾಸಾಬರ ಹಣೆ ಗಾಜಿಗೆ ಬಡಿಯಿತು.

"ಭಾಳ ದೂರ ನಿಂತಿ" ಎಂದರು ಕಾಕಾ, ಮುಂದೆ ನೋಡುತ್ತಲೇ. "ಹತ್ರ ಬಾ. ಮತ್ತೊಮ್ಮೆ."

ಹೀಗೆ ಇಳಿಜಾರಿನ ಮೇಲಿಂದ ಕೆಳಗಿನವರೆಗೆ. ಮತ್ತೆ ಹಿಂದಕ್ಕೆ ಹೋಗಿ ಮೇಲಿಂದ. ಎಷ್ಟು ಸಲವೋ ಎಣಿಸಲಿಲ್ಲ. ಕೆಲವು ಸಲ ನಾಲ್ಕು ಹೆಜ್ಜೆ ನಡೆದ ಕೂಡಲೇ ಟವಲ್ ಎತ್ತುತ್ತಿದ್ದರು, ಕೆಲವು ಸಲ ಎತ್ತುವುದನ್ನೇ ಮರೆತಂತೆ ನಡೆಯುತ್ತಿದ್ದರು. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಐದನೆಯದೋ ಆರನೆಯದೋ ಸಲ ನನಗೆ ಪಕ್ಕದಲ್ಲಿ ಬೀಡಿಯ ವಾಸನೆ ಬಂತು. ನೋಡಿದರೆ ಖಾಜಾಸಾಬರು ಕೈಬ್ರೇಕಿನಿಂದ ಕೈ ತೆಗೆದು ಬೀಡಿ ಹಚ್ಚಿದ್ದರು. ನನ್ನ ಮೊಣಕಾಲಿನ ನಡುಕ ಯಾವಾಗ ನಿಂತಿತು ಎಂದು ನನಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಮಸ್ಕಿಗೆ ನಾನೇ ಲಾರಿ ನಡೆಸಿಕೊಂಡು ಬಂದೆ. ಮೂವರೂ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದೆವು. ಕಾಕಾ ಮಿರ್ಚಿ ಖಾರ ಹೆಚ್ಚಾಯಿತು ಎಂದು ಹೋಟೆಲಿನವನ ಜೊತೆ ಜಗಳ ಮಾಡಿದರು.

ಎರಡು ತಿಂಗಳ ನಂತರ ಲಿಂಗಸೂಗೂರಿನಲ್ಲಿ ನನ್ನ ಪರೀಕ್ಷೆ. ಮೋಟಾರು ಇನ್ಸ್‌ಪೆಕ್ಟರ್ ಸಾಹೇಬರು ಅಲ್ಲಿಗೆ ಬಂದು ಪರೀಕ್ಷೆ ಮಾಡುತ್ತಿದ್ದರು. ಪಕ್ಕದಲ್ಲಿ ಕುಳಿತು ಏರಿನಲ್ಲಿ ನಿಲ್ಲಿಸಿ ಹೊರಡಿಸಿದರು, ಹಿಂದಕ್ಕೆ ಬಿಡಿಸಿದರು, ಕೈ ಹೊರಗೆ ಚಾಚಿ ಸಂಜ್ಞೆ ಮಾಡಿಸಿದರು. ಕೊನೆಗೆ ಕೇಳಿದರು, "ಇಳಿಜಾರಿನಲ್ಲಿ ಮುಂದೆ ಒಂದು ಎತ್ತಿನ ಬಂಡಿ ಹೋಗ್ತಿದೆ. ಏನು ಮಾಡ್ತೀಯಾ?"

 "ನಿಂದ್ರಸ್ತೀನ್ರಿ ಸಾಹೇಬ್ರ" ಎಂದೆ.

"ಎಲ್ಲರೂ ಹಾರ್ನ್ ಹೊಡೀತೀನಿ ಅಂತಾರಲ್ಲ?"

"ಎತ್ತು ಬೆದರ್ತಾವ್ರಿ. ಮೊದಲ ನಿಂದ್ರಸ್ತೀನಿ. ಅಂವ ದಾರಿ ಕೊಟ್ಟ ಮ್ಯಾಲ ಹೋಗ್ತೀನ್ರಿ."

 ಸಾಹೇಬರು ಕಾಗದದ ಮೇಲೆ ಏನೋ ಬರೆದರು. ಪಾಸಾಗಿದ್ದೆ.

ಅಂದೇ ಸಂಜೆ ಕಾಕಾನ ಮನೆಗೆ ಹೋಗಿ ಹೇಳಿದೆ. ಅವರು ಕುಂಟ ಎತ್ತಿಗೆ ಹಸಿ ಮೇವು ಹಾಕುತ್ತಿದ್ದರು. "ಆಗಬೇಕಿತ್ತು, ಆತು" ಎಂದರು. ಆ ಎತ್ತು ಸಾಯುವವರೆಗೂ ಅದನ್ನು ಅವರು ಮಾರಲಿಲ್ಲ. ನಾನು ಕೊಟ್ಟ ಎತ್ತನ್ನು ಮರಳಿ ಕೊಡುತ್ತೇನೆ ಎಂದು ಒಮ್ಮೆ ಹೇಳಿದ್ದರು, ನಾನು ಒಪ್ಪಲಿಲ್ಲ. ನನ್ನಲ್ಲಿ ಒಂಟಿಯಾಗಿ ಉಳಿದದ್ದನ್ನೂ ಅವರ ಕೊಟ್ಟಿಗೆಗೇ ಒಯ್ದು ಕಟ್ಟಿದೆ. ಎರಡೂ ಮತ್ತೆ ಒಂದೇ ನೊಗಕ್ಕೆ ನಡೆದವು.

ಆ ಮೇಲೆ ಬಹಳ ವರ್ಷ ಲಾರಿ ನಡೆಸಿದೆ. ಮುಕ್ಕುಂದ ಊರಿನ ಭತ್ತ, ಹಟ್ಟಿಯ ಚಿನ್ನದ ಗಣಿಗೆ ಕಟ್ಟಿಗೆ, ಹೊಲಕ್ಕೆ ಗೊಬ್ಬರ, ಹೇರದ ವಸ್ತು ಇಲ್ಲ. ಒಂದು ಸಲ ಅಮರಪ್ಪ ಕಾಕಾ ಸಿಂಧನೂರಿಗೆ ಹೋಗಬೇಕೆಂದು ನನ್ನ ಲಾರಿ ಹತ್ತಿದರು. ಆಗ ಅವರಿಗೆ ಪೂರಾ ವಯಸ್ಸಾಗಿತ್ತು. ಅಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಅಂದು ಕೇಳಿಬಿಟ್ಟೆ.

"ಕಾಕಾ, ಆವತ್ತು ಒಮ್ಮಿಗೂ ಹಿಂದ ತಿರುಗಿ ನೋಡ್ಲಿಲ್ಲಲ್ಲ. ನಿಮಗ ಹೆದರಿಕಿ ಆಗಲಿಲ್ಲೇನ್ರಿ?"

ಕಾಕಾ ಜೋರಾಗಿ ನಕ್ಕರು. "ಆಗದ ಏನಲೇ! ಕಾಲು ಗಡಗಡ ನಡಗಾಕತ್ತಿದ್ವು. ನಿನ್ನ ಲಾರಿ ಸಪ್ಪಳ ಹತ್ರ ಬಂದಂಗೆಲ್ಲ ಜೀವ ಬಾಯಿಗೆ ಬರ್ತಿತ್ತು."

"ಮತ್ತ ಯಾಕ ನೋಡ್ಲಿಲ್ಲ?"

"ತಿರುಗಿದ್ರ ನನ್ನ ಮಾರಿ ನೀ ನೋಡ್ತಿದ್ದಿ. ನೋಡಿದ್ರ ಮತ್ತ ಎಂದೂ ಲಾರಿ ಹತ್ತತಿರಲಿಲ್ಲ."

 ಗಂಡೆದೆಯ ಮನುಷ್ಯ, ಅಂಜಿಕೆ ಎಂದರೇನೆಂದೇ ಗೊತ್ತಿಲ್ಲ ಎಂದುಕೊಂಡು ಅಷ್ಟು ವರ್ಷ ಅವರಿಗೆ ಕೈ ಮುಗಿದಿದ್ದೆ. ನನ್ನಷ್ಟೇ ಅಂಜಿಕೊಂಡು, ಅದನ್ನು ನನಗೆ ಕಾಣಿಸದೆ ಅಷ್ಟು ಸಲ ಆ ದಾರಿ ಇಳಿದಿದ್ದರು ಎಂಬುದು ಅಂದೇ ತಿಳಿದದ್ದು. ಕಾಕಾ ತೀರಿಕೊಂಡು ಬಹಳ ಕಾಲವಾಯಿತು. ನನಗೂ ಈಗ ಕೈಕಾಲು ಸೋತಿವೆ. ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ಬೆವರಿದ ಆ ಬೆನ್ನೇ ಕಣ್ಣ ಮುಂದೆ ಬರುತ್ತದೆ.