ಹತ್ತೊಂಬತ್ತು ಹಿಮೋಗ್ಲೋಬಿನ್ ಮತ್ತು ನಮ್ಮವ್ವ

ಕೇಳಿ ದೋಸ್ತರೇ, ನಮ್ಮ ಅಭಿಮಾನಿ ಸಂಘದ ರಕ್ತದಾನಕ್ಕೆ ನಾನು ಇವತ್ತು ಬರಲಿಲ್ಲ. ರಕ್ತ ಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ ಹತ್ತೊಂಬತ್ತು ಬಂತು, ಇರಬೇಕಾದ್ದಕ್ಕಿಂತ ಜಾಸ್ತಿ. ಅವ್ವ ಅದನ್ನು ನನ್ನ ಮಾರ್ಕ್ಸ್ ಅಂತಲೇ ತಿಳಿದು ಗೋಪನಕೊಪ್ಪದ ಓಣಿಗೆಲ್ಲ ಸಾರಿ, ನನ್ನ ಜೊತೆ ಡಾಕ್ಟರ್ ಹತ್ತಿರವೂ ಬಂದಳು.

ಹಿಮೋಗ್ಲೋಬಿನ್ ಏರಿದ್ದು ಯಾಕೆಂದು ತಿಳಿಯಲು ಡಾಕ್ಟರ್ ನನ್ನನ್ನು ಕೇಳಿದರು: “ಭಾಳ ಎತ್ತರದ ಜಾಗಾದಾಗ ಇರ್ತೀಯೇನು?”

ಉತ್ತರ ಅವ್ವನದು: “ಹೂನ್ರಿ, ಮೂರನೇ ಮಹಡಿ. ಲಿಫ್ಟೂ ಇಲ್ಲ.”

“ನೀರು ಕಡಿಮಿ ಕುಡಿತೀಯೇನು?”

“ನಳಾ ಬರೂದ ವಾರಕ್ಕೊಮ್ಮೆ ರೀ.”

“ಸಿಗರೇಟು?”

“ಅಯ್ಯ ಶಿವನ, ನಮ್ಮ ಹುಡುಗ ಊದಿನಕಡ್ಡಿ ಹೊಗಿಗೇ ಕೆಮ್ಮತಾನ್ರಿ!”

ಡಾಕ್ಟರ್ ಪೆನ್ನು ಎತ್ತಿಕೊಂಡರು. “ಹಂಗಾದ್ರ ಬ್ಯಾರೆ ಕಾರಣ ಹುಡುಕಬೇಕು. ಬೇಕಾದ್ರ ಎಲುವಿನೊಳಗ ಸೂಜಿ ಹಾಕಿ ಮಜ್ಜೆ ತಗದು ನೋಡೂಣು.”

ಎಲುಬು ಅಂದಿದ್ದೇ ತಡ, ನನ್ನ ಬಾಯಿ ತಾನಾಗಿ ತೆರೆಯಿತು. “ದಿನಕ್ಕ ಹತ್ತು ಸೇದತೇನ್ರಿ ಸರ್!”

ಡಾಕ್ಟರ್ ನಕ್ಕರು. “ಮೊದಲ ಅದನ್ನ ಬಿಡು, ತಿಂಗಳ ಬಿಟ್ಟು ಮತ್ತ ನೋಡೂಣು. ಈಗ ಸೂಜಿ ಬ್ಯಾಡ.”

ಅವ್ವ ನನ್ನನ್ನೇ ದಿಟ್ಟಿಸಿ ನೋಡುತ್ತ ಹೇಳಿದಳು: “ಇರ್ಲಿ, ಹಾಕ್ರಿ ಡಾಕ್ಟ್ರ. ದೊಡ್ಡ ಸೂಜೀನ ಹಾಕ್ರಿ.”

ಈಗ ಹೇಳಿ, ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಾಕ್ಟರಿಗೆ ಖರೇ ಹೇಳುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?